ಬಚ್ಚಲ ಪೈಪಿಗೆ ಸ್ಪ್ರಿಂಗ್ ಹಾಕೋದು: ಕೈ ಎಲ್ಲಿ ನಿಲ್ಲಿಸಬೇಕು?

ವಿಡಿಯೋ ನೋಡೋಕೆ ಸಮಯ ಇಲ್ಲದವರಿಗೆ, ಮತ್ತೆ ಕೆಲಸ ಮಾಡುವಾಗ ಫೋನಿನಲ್ಲಿ ಒಂದೊಂದೇ ಹಂತ ಓದಿಕೊಳ್ಳೋರಿಗೆ, ಈ ವಾರದ ಮಾತನ್ನ ಇಲ್ಲಿ ಬರೆದು ಹಾಕಿದೀನಿ.

"ಸಿಂಕ್ ಕಟ್ಟಿಕೊಂಡಿದೆ. ನಿನ್ನೆ ರಾತ್ರಿ ಡ್ರೇನ್ ಪೌಡರ್ ಹಾಕಿದ್ವಿ, ನೀರು ಇಳೀಲಿಲ್ಲ. ಈಗ ಸ್ಪ್ರಿಂಗ್ ತರಿಸಿದೀವಿ, ಹಾಕಬಹುದಾ?" ಈ ಪ್ರಶ್ನೆ ನನಗೆ ಪದೇಪದೇ ಬರುತ್ತೆ. ಉತ್ತರ ಮೊದಲೇ ಹೇಳಿಬಿಡ್ತೀನಿ: ಹಾಕಬೇಡಿ. ಯಾಕೆ ಅಂತ ಮುಂದೆ ವಿವರಿಸ್ತೀನಿ. ಈ ಉಪಕರಣವನ್ನ ಬಳಸೋದು ಕಷ್ಟ ಅಲ್ಲ, ಹತ್ತು ನಿಮಿಷದಲ್ಲಿ ಕಲೀಬಹುದು. ಆದರೆ ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಯಾರೂ ಹೇಳಿಕೊಡಲ್ಲ. ಶುರು ಮಾಡೋ ಮುಂಚೆ ಒಂದು ಕಡೆ, ನಡುವೆ ಒಂದು ಕಡೆ, ಕೊನೆಗೆ ಒಂದು ಕಡೆ ನಿಲ್ಲಬೇಕಾಗುತ್ತೆ. ಇವತ್ತಿನ ಮಾತು ಪೂರ್ತಿ ಅದರ ಬಗ್ಗೆಯೇ.

ಇದು ಏನು, ಯಾವುದಕ್ಕೆ?

ಉಕ್ಕಿನ ತಂತಿಯನ್ನ ಒತ್ತೊತ್ತಾಗಿ ಸುರುಳಿ ಸುತ್ತಿ ಮಾಡಿದ ಉದ್ದನೆಯ ಕೇಬಲ್. ಒಂದು ತುದಿಯಲ್ಲಿ ಅಗಲವಾದ ಸುರುಳಿಯ ಮೂತಿ, ಇನ್ನೊಂದು ತುದಿಯಲ್ಲಿ ತಿರುಗಿಸೋ ಹಿಡಿ. ಸ್ವಲ್ಪ ದುಬಾರಿಯದಾದರೆ ಕೇಬಲ್ ಒಂದು ಡಬ್ಬಿಯೊಳಗೆ ಸುತ್ತಿಕೊಂಡಿರುತ್ತೆ, ಬೇಕಾದಷ್ಟು ಎಳೆದು ಸ್ಕ್ರೂ ಬಿಗಿ ಮಾಡಿ ಡಬ್ಬಿಯನ್ನೇ ತಿರುಗಿಸೋದು. ಹಾರ್ಡ್‌ವೇರ್ ಅಂಗಡಿಯಲ್ಲಿ "ಚೋಕ್ ತೆಗೆಯೋ ಸ್ಪ್ರಿಂಗ್" ಅಂದರೆ ಕೊಡ್ತಾರೆ. ಆನ್‌ಲೈನಲ್ಲಿ ಡ್ರೇನ್ ಸ್ನೇಕ್ ಅಂತಲೋ ಡ್ರೇನ್ ಆಗರ್ ಅಂತಲೋ ಇರುತ್ತೆ.

ಫ್ಲ್ಯಾಟಿನಲ್ಲಿರೋರಿಗೆ ಸುಮಾರು 6 ಮಿ.ಮೀ. ದಪ್ಪ, 5 ಮೀಟರ್ ಉದ್ದದ್ದು ಸಾಕು. ವಾಶ್ ಬೇಸಿನ್ನಿನ ಪೈಪ್ ಸಾಮಾನ್ಯವಾಗಿ 32 ಮಿ.ಮೀ., ಅಡುಗೆಮನೆ ಸಿಂಕಿನದು 40 ಅಥವಾ 50 ಮಿ.ಮೀ. ಇರುತ್ತೆ. ಅದಕ್ಕಿಂತ ದಪ್ಪ ಕೇಬಲ್ ತಂದರೆ ಸಣ್ಣ ತಿರುವಿನಲ್ಲಿ ಬಗ್ಗೋದೇ ಇಲ್ಲ. ಕಮೋಡಿಗೆ ಇದನ್ನ ಹಾಕಬೇಡಿ, ಉಕ್ಕು ತಾಗಿ ಪಿಂಗಾಣಿ ಗೀರುಬೀಳುತ್ತೆ. ಅದಕ್ಕೆ ರಬ್ಬರ್ ತೋಳು ಇರೋ ಬೇರೆಯದೇ ಉಪಕರಣ ಬರುತ್ತೆ.

ಮೊದಲು, ಕಟ್ಟಿರೋದು ಎಲ್ಲಿ?

ನಾನು ಸಾಫ್ಟ್‌ವೇರ್ ಕೆಲಸದವನು. ಏನಾದರೂ ಕೆಟ್ಟರೆ ಕೋಡ್ ತೆರೆಯೋ ಮುಂಚೆ ತೊಂದರೆ ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ನೋಡೋದು ನಮ್ಮ ಅಭ್ಯಾಸ. ಪೈಪಿಗೂ ಅದೇ ಕ್ರಮ.

ಒಂದೇ ಬೇಸಿನ್ ಕಟ್ಟಿದ್ದು, ಬಚ್ಚಲು ಸರಿ ಇದ್ದರೆ, ತೊಂದರೆ ಬೇಸಿನ್ನಿನ ಕೆಳಗೇ ಇದೆ. ಬೇಸಿನ್ ನೀರು ಬಿಟ್ಟಾಗ ಬಚ್ಚಲ ಜಾಲಿಯಿಂದ ನೀರು ಉಕ್ಕಿದರೆ, ಎರಡೂ ಸೇರೋ ಜಾಗದ ಆಚೆ ಕಟ್ಟಿದೆ. ನೀವು ನಲ್ಲಿ ಮುಟ್ಟದೆ ಇದ್ದರೂ ಮೇಲಿನ ಮನೆಯವರು ಸ್ನಾನ ಮಾಡುವಾಗ ನಿಮ್ಮ ಬಚ್ಚಲಲ್ಲಿ ನೀರು ಏರಿದರೆ, ಕಟ್ಟಿರೋದು ಕಟ್ಟಡದ ಉದ್ದ ಪೈಪಿನಲ್ಲಿ ಅಥವಾ ನೆಲದ ಚೇಂಬರಿನಲ್ಲಿ. ಅಲ್ಲಿಗೆ ನಿಮ್ಮ 5 ಮೀಟರ್ ಕೇಬಲ್ಲಿನ ಕೆಲಸ ಮುಗೀತು. ಸೊಸೈಟಿಗೆ ಹೇಳಿ.

ಪುಣೆ, ಮುಂಬೈ ಕಡೆ ಇರೋರಿಗೆ ಭಾಷೆಯ ಒಂದು ಸಣ್ಣ ಎಚ್ಚರಿಕೆ. ಮರಾಠಿಯಲ್ಲಿ ಮೋರಿ ಅಂದರೆ ಮನೆಯೊಳಗಿನ ತೊಳೆಯೋ ಜಾಗ, ನಮ್ಮ ಬಚ್ಚಲು. ನಮಗೆ ಮೋರಿ ಅಂದರೆ ಚರಂಡಿ. ಪ್ಲಂಬರ್ ಹತ್ತಿರ "ಮೋರಿ ಕಟ್ಟಿದೆ" ಅಂತ ಫೋನಿನಲ್ಲಿ ಹೇಳಿದರೆ ಅವರು ಬಾತ್‌ರೂಮಿಗೆ ಬೇಕಾದ ಸಾಮಾನು ತರ್ತಾರೆ. ಅವರು "ನಹಾನಿ ಟ್ರ್ಯಾಪ್" ಅಂದರೆ ಬಚ್ಚಲ ನೆಲದಲ್ಲಿ ಜಾಲಿಯ ಕೆಳಗೆ ಇರೋ ಟ್ರ್ಯಾಪ್.

ಟ್ರ್ಯಾಪ್ ಅಂದರೆ ಪೈಪಿನಲ್ಲಿ ಬೇಕಂತಲೇ ಮಾಡಿದ ತಗ್ಗು. ಅಲ್ಲಿ ಸಾಮಾನ್ಯವಾಗಿ 50 ಮಿ.ಮೀ. ನೀರು ಯಾವಾಗಲೂ ನಿಂತಿರುತ್ತೆ. ಆ ನೀರೇ ಬಾಗಿಲು. ಅದು ಇಲ್ಲದಿದ್ದರೆ ಚರಂಡಿ ಗಾಳಿ, ಜಿರಳೆ ಎರಡೂ ಮನೆಯೊಳಗೆ ಬರುತ್ತೆ. ಕಸ ಮೊದಲು ಸಿಕ್ಕಿಕೊಳ್ಳೋದೂ ಅಲ್ಲೇ.

ಒಂದನೇ ನಿಲುಗಡೆ: ಒಳಗೆ ಏನಾದರೂ ಸುರಿದಿದೀರಾ?

ಈಗ ಆ ಪೌಡರಿನ ಪ್ರಶ್ನೆ. ಅಂಗಡಿಯಲ್ಲಿ ಸಿಗೋ ಡ್ರೇನ್ ಪೌಡರಿನಲ್ಲಿ ಮುಖ್ಯವಾಗಿ ಇರೋದು ಕಾಸ್ಟಿಕ್ ಸೋಡಾ. ಕೆಲವದರಲ್ಲಿ ಅಲ್ಯೂಮಿನಿಯಮ್ ಚೂರು ಕೂಡ ಇರುತ್ತೆ. ನೀರು ತಾಗಿದರೆ ಕುದಿಯೋ ಹಾಗೆ ಬಿಸಿಯಾಗುತ್ತೆ, ಜಿಡ್ಡನ್ನ ಸಾಬೂನಾಗಿ ಬದಲಾಯಿಸುತ್ತೆ. ಕಟ್ಟು ಬಿಟ್ಟರೆ ಸರಿ. ಬಿಡದೆ ಹೋದರೆ ಆ ಕಾಸ್ಟಿಕ್ ನೀರು ಪೈಪಿನಲ್ಲೇ ನಿಂತಿರುತ್ತೆ. ಮೇಲಿಂದ ನೋಡಿದರೆ ಬರೀ ಕೊಳಕು ನೀರು.

ಅದರೊಳಗೆ ಕೇಬಲ್ ಹಾಕಿ ತಿರುಗಿಸಿದರೆ ಏನಾಗುತ್ತೆ? ಕೇಬಲ್ ಹೊರಗೆ ಬರುವಾಗ ಸುರುಳಿಯ ಸಂದಿಗಳಲ್ಲಿ ಆ ನೀರನ್ನೇ ತುಂಬಿಕೊಂಡು ಬರುತ್ತೆ. ಮೂತಿ ಪಟ್ಟನೆ ಬಿಟ್ಟುಕೊಂಡರೆ ಸಿಡಿಯೋದು ನಿಮ್ಮ ಮುಖದ ಮಟ್ಟಕ್ಕೆ, ಯಾಕಂದರೆ ನೀವು ಬಗ್ಗಿ ನೋಡ್ತಾ ಇರ್ತೀರಿ. ಕಾಸ್ಟಿಕ್ ಕಣ್ಣಿಗೆ ಬಿದ್ದರೆ ಆಸಿಡ್‌ಗಿಂತ ಆಳಕ್ಕೆ ಇಳಿಯುತ್ತೆ, ದೃಷ್ಟಿಯೇ ಹೋಗಬಹುದು.

ಹಾಗಾಗಿ ಕೆಮಿಕಲ್ ನಿಂತಿದ್ದರೆ ಸ್ಪ್ರಿಂಗ್ ಬೇಡ. ರಬ್ಬರ್ ಪಂಪ್ ಒತ್ತೋದೂ ಬೇಡ. ಮೇಲೆ ಇನ್ನೊಂದು ಕೆಮಿಕಲ್ ಅಂತೂ ಬೇಡವೇ ಬೇಡ. ಕಾಸ್ಟಿಕ್ ಮೇಲೆ ಆಸಿಡ್ ಬಿದ್ದರೆ ಕುದ್ದು ಸಿಡಿಯುತ್ತೆ. ಟಾಯ್ಲೆಟ್ ತೊಳೆಯೋ ಆಸಿಡ್ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಗಾಳಿ ಬರುತ್ತೆ, ಕಿಟಕಿ ಇಲ್ಲದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ನೀರು ನಿಧಾನಕ್ಕಾದರೂ ಇಳೀತಾ ಇದ್ದರೆ, ತಣ್ಣೀರು ಸ್ವಲ್ಪಸ್ವಲ್ಪವಾಗಿ ಬಿಟ್ಟು ಪೂರ್ತಿ ಹೋಗೋ ತನಕ ಕಾಯಿರಿ. ಬಿಸಿನೀರು ಬೇಡ. ಸ್ವಲ್ಪವೂ ಇಳಿಯದಿದ್ದರೆ ಬಾಗಿಲು ಹಾಕಿ, ಮಕ್ಕಳನ್ನ ದೂರ ಇಟ್ಟು ಪ್ಲಂಬರನ್ನ ಕರೀರಿ. ಬಂದ ತಕ್ಷಣ ಆ ಡಬ್ಬಿ ತೋರಿಸಿ, ಯಾವಾಗ, ಎಷ್ಟು ಹಾಕಿದ್ರಿ ಹೇಳಿ. ಇದೊಂದು ಮಾತು ದಯವಿಟ್ಟು ಮರೀಬೇಡಿ. ನೀವು ಹೇಳದಿದ್ದರೆ ಆ ಮನುಷ್ಯ ಬರಿಗೈಯಲ್ಲೇ ಟ್ರ್ಯಾಪ್ ಬಿಚ್ತಾನೆ.

ಬಾಡಿಗೆ ಮನೆಯಲ್ಲಿ ರೂಮ್‌ಮೇಟ್‌ಗಳ ಜೊತೆ ಇರೋರು ಎಲ್ಲರನ್ನೂ ಕೇಳಿ. ಮನೆಗೆಲಸಕ್ಕೆ ಬರೋ ಅಕ್ಕನನ್ನೂ ಕೇಳಿ. ಯಾರು ಯಾವಾಗ ಏನು ಸುರಿದಿದಾರೆ ಅಂತ ಗೊತ್ತಾಗದೆ ಶುರು ಮಾಡಬೇಡಿ. ಇಷ್ಟರ ಮೇಲೂ ಕಣ್ಣಿಗೆ ಸಿಡಿದರೆ, ತಕ್ಷಣ ಹರಿಯೋ ನೀರಿನ ಕೆಳಗೆ ಕಣ್ಣು ತೆರೆದು ಕಡಿಮೆ ಅಂದರೆ 20 ನಿಮಿಷ ತೊಳೆದು, ಆಮೇಲೆ ನೇರ ಆಸ್ಪತ್ರೆಗೆ ಹೋಗಿ. ಮೊದಲು ಆಸ್ಪತ್ರೆ, ಆಮೇಲೆ ನೀರು ಅಲ್ಲ.

ಸ್ಪ್ರಿಂಗ್ ಬೇಕೇ ಬೇಕಾ?

ಬಹಳ ಸಲ ಬೇಡ. ಬೇಸಿನ್ ಕೆಳಗೆ ಬಾಟಲ್ ಟ್ರ್ಯಾಪ್ ಇದ್ದರೆ, ಕೆಳಗೆ ಬಕೆಟ್ ಇಟ್ಟು ತಳದ ಮುಚ್ಚಳ ಕೈಯಲ್ಲಿ ತಿರುಗಿಸಿ ಬಿಚ್ಚಿ. ಕೂದಲು, ಸಾಬೂನಿನ ಗಸಿ, ಒಮ್ಮೊಮ್ಮೆ ಕಳೆದುಹೋದ ಮೂಗುತಿ, ಎಲ್ಲಾ ಅಲ್ಲೇ ಸಿಗುತ್ತೆ. ತೊಳೆದು, ವಾಶರ್ ಸರಿ ಕೂತಿದೆಯಾ ನೋಡಿ ಹಾಕಿದರೆ ಕೆಲಸ ಮುಗೀತು. ಬಾಟಲ್ ಟ್ರ್ಯಾಪಿನೊಳಗೆ ಕೇಬಲ್ ತೂರಿಸಬೇಡಿ, ಅದು ಒಳಗೇ ಸುತ್ತಿಕೊಳ್ಳುತ್ತೆ.

ಸಿಂಕಿನ ಕೆಳಗೆ ಮಡಿಕೆ ಮಡಿಕೆಯಾದ ಬಿಳಿ ಪ್ಲಾಸ್ಟಿಕ್ ಪೈಪ್ ಇದ್ದರೆ ಅದನ್ನೂ ಬಿಚ್ಚಿ ಪಕ್ಕಕ್ಕೆ ಇಡಿ. ಅದು ತೆಳು. ಉಕ್ಕಿನ ಮೂತಿ ಅದರ ಮಡಿಕೆಗೆ ಸಿಕ್ಕಿ ತೂತು ಮಾಡುತ್ತೆ. ಕೇಬಲ್ ಹೋಗಬೇಕಾದದ್ದು ಗೋಡೆಯಿಂದ ಅಥವಾ ನೆಲದಿಂದ ಬರೋ ಗಟ್ಟಿ ಪೈಪಿನೊಳಗೆ ಮಾತ್ರ.

ಚೆನ್ನೈ, ಹೈದರಾಬಾದಿನಲ್ಲಿ ಬೋರ್‌ವೆಲ್ ನೀರು ಬಳಸೋರಿಗೆ ಇದರ ಕಾಟ ಜಾಸ್ತಿ. ಗಡಸು ನೀರಿನ ಕ್ಯಾಲ್ಸಿಯಂ ಸಾಬೂನಿನ ಜೊತೆ ಸೇರಿ, ನೀರಿನಲ್ಲಿ ಕರಗದ ಬಿಳಿ ಗಸಿ ಆಗುತ್ತೆ. ಕೂದಲು ಅದಕ್ಕೆ ನಾರಿನ ಹಾಗೆ ಸಿಕ್ಕಿಕೊಂಡು ಗಟ್ಟಿಯಾಗುತ್ತೆ.

ತಯಾರಿ

ಮೊಣಕೈವರೆಗೆ ಬರೋ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ (ಪವರ್ ಕನ್ನಡಕ ಸಾಲದು, ಪಕ್ಕದಿಂದಲೂ ಮುಚ್ಚೋ ಥರದ್ದು), ಬಕೆಟ್, ಹಳೇ ಬಟ್ಟೆ, ಟಾರ್ಚ್. ಉಂಗುರ, ಬಳೆ, ವಾಚ್ ತೆಗೆದಿಡಿ. ಉದ್ದ ಕೂದಲು ಕಟ್ಟಿಕೊಳ್ಳಿ, ದುಪಟ್ಟಾ ಪಕ್ಕಕ್ಕೆ ಇಡಿ. ಕೈಯಲ್ಲಿ ಗಾಯ ಇದ್ದರೆ ಪಟ್ಟಿ ಹಾಕಿ ಅದರ ಮೇಲೆ ಗ್ಲೌಸ್. ಚರಂಡಿ ನೀರಿನಲ್ಲಿ ಇಲಿ ಮೂತ್ರ ಸೇರಿರಬಹುದು. ಇಲಿ ಜ್ವರ ಇಂಥ ಗಾಯದ ಮೂಲಕ ದೇಹಕ್ಕೆ ಬರಬಹುದು, ಮಳೆಗಾಲದ ಮುಂಬೈಯಲ್ಲಿ ಇರೋರಿಗೆ ಇದು ಹೊಸ ವಿಷಯ ಅಲ್ಲ.

ಸಿಂಕ್ ಕೆಳಗೆ ಆರ್‌ಓ ಪ್ಲಗ್ ಇದ್ದರೆ ಸ್ವಿಚ್ ಆಫ್ ಮಾಡಿ. ವಾಷಿಂಗ್ ಮೆಷಿನ್ ನೀರು ಅದೇ ಪೈಪಿಗೆ ಹೋಗ್ತಿದ್ದರೆ, ನೀವು ಮುಗಿಸೋ ತನಕ ಯಾರೂ ಮೆಷಿನ್ ಹಾಕಬಾರದು ಅಂತ ಹೇಳಿ.

ಇನ್ನೊಂದು ಕೆಲಸ ನಾನು ತಪ್ಪದೆ ಮಾಡ್ತೀನಿ: ಕೇಬಲ್ಲಿಗೆ ಮೂತಿಯಿಂದ 1, 2, 3 ಮೀಟರ್ ದೂರದಲ್ಲಿ ಬಣ್ಣದ ಟೇಪ್ ಸುತ್ತೋದು. ಕೇಬಲ್ ಎಲ್ಲಿ ನಿಂತಿತು ಅನ್ನೋದಕ್ಕೆ ಲೆಕ್ಕ ಸಿಗುತ್ತೆ.

ಎರಡನೇ ನಿಲುಗಡೆ: ಮೂತಿ ನಿಂತರೆ ಕೈಯೂ ನಿಲ್ಲಬೇಕು

ಬಿದಿರಿನ ದಬ್ಬೆ ಹಾಕಿ ತಳ್ಳೋದನ್ನ ನೋಡಿ ಬೆಳೆದವರು ಇದನ್ನೂ ಹಾಗೇ ತಳ್ತಾರೆ. ಇದು ದಬ್ಬೆ ಅಲ್ಲ, ಇದು ಸ್ಪ್ರಿಂಗ್. ವ್ಯತ್ಯಾಸ ಏನು ಅಂದರೆ, ಸ್ಪ್ರಿಂಗ್ ಶಕ್ತಿಯನ್ನ ಒಳಗೆ ಕೂಡಿಟ್ಟುಕೊಳ್ಳುತ್ತೆ.

ಮೂತಿ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅಂತ ಇಟ್ಟುಕೊಳ್ಳಿ. ನೀವು ಹಿಡಿಯನ್ನ ಎರಡು ಸುತ್ತು ತಿರುಗಿಸಿದ್ರಿ. ಮೂತಿ ತಿರುಗಲಿಲ್ಲ. ಆ ಎರಡು ಸುತ್ತು ಎಲ್ಲಿ ಹೋಯ್ತು? ಕೇಬಲ್ಲಿನಲ್ಲೇ ತಿರುಚಿಕೊಂಡು ಕೂತಿದೆ. ಭೌತಶಾಸ್ತ್ರದ ಲೆಕ್ಕದಲ್ಲಿ ತಿರುಚಿದ ಸ್ಪ್ರಿಂಗಿನ ಶಕ್ತಿ ತಿರುಚಿದ ಕೋನದ ವರ್ಗಕ್ಕೆ ಅನುಗುಣ. ಅಂದರೆ ನಾಲ್ಕು ಸುತ್ತಿನಲ್ಲಿ ಇರೋದು ಎರಡು ಸುತ್ತಿನ ಎರಡರಷ್ಟಲ್ಲ, ನಾಲ್ಕರಷ್ಟು. ಇನ್ನೂ ತಿರುಗಿಸಿದರೆ ಅದು ಹೊರಗೆ ಬರೋಕೆ ದಾರಿ ಹುಡುಕುತ್ತೆ. ಪೈಪಿನೊಳಗೆ ಜಾಗ ಇಲ್ಲ. ಜಾಗ ಇರೋದು ಪೈಪಿನ ಬಾಯಿ ಮತ್ತು ನಿಮ್ಮ ಕೈ ನಡುವೆ. ಅಲ್ಲಿ ಕೇಬಲ್ ಪಟ್ಟನೆ ಗಂಟು ಹಾಕಿಕೊಳ್ಳುತ್ತೆ, ಬೆರಳು ಮಧ್ಯೆ ಸಿಕ್ಕರೆ ಬಿಗಿದು ಹಿಡಿಯುತ್ತೆ.

ಇದರಿಂದ ಎರಡು ನಿಯಮ. ಒಂದು, ಹೊರಗೆ ಕಾಣೋ ಕೇಬಲ್ ಒಂದು ಗೇಣಿಗಿಂತ ಜಾಸ್ತಿ ಇರಬಾರದು. ಎರಡು, ಹಿಡಿ ಭಾರವಾದರೆ ಅಥವಾ ಕೈ ಬಿಟ್ಟಾಗ ತಾನೇ ಹಿಂದಕ್ಕೆ ತಿರುಗಿದರೆ, ಅಲ್ಲೇ ನಿಲ್ಲಿಸಿ. ಹಿಡಿಯನ್ನ ಗಟ್ಟಿಯಾಗಿ ಹಿಡಿದುಕೊಂಡೇ ನಿಧಾನಕ್ಕೆ ವಾಪಸ್ ಬಿಡಿ. ತಿರುಚಿ ಬಿಗಿಯಾಗಿರುವಾಗ ಸ್ಕ್ರೂ ಸಡಿಲ ಮಾಡಬೇಡಿ.

ಈಗ ಕ್ರಮ ಹೇಳ್ತೀನಿ. ಜಾಲಿ ತೆಗೆದು ಕೈಗೆ ಸಿಗೋ ಕೂದಲು ಮೊದಲು ತೆಗೀರಿ. ಕೇಬಲ್ಲನ್ನ ತಡೆ ಸಿಗೋ ತನಕ ಕೈಯಲ್ಲೇ ಮೆಲ್ಲಗೆ ಬಿಡಿ. ಒಂದು ಗೇಣು ಹೊರಗೆ ಉಳಿಸಿ ಸ್ಕ್ರೂ ಬಿಗಿ ಮಾಡಿ. ಗಡಿಯಾರದ ದಿಕ್ಕಿಗೆ ತಿರುಗಿಸ್ತಾ ಸ್ವಲ್ಪವೇ ಒತ್ತಿ. ಮುಂದೆ ಹೋದಷ್ಟಕ್ಕೆ ಮತ್ತೆ ಸ್ಕ್ರೂ ಸಡಿಲ ಮಾಡಿ, ಇನ್ನೊಂದು ಗೇಣು ಎಳೆದು ಮತ್ತೆ ಬಿಗಿ ಮಾಡಿ.

ತಡೆ ಎರಡು ಥರ ಇರುತ್ತೆ, ಕೈಗೆ ಬೇಗ ಗೊತ್ತಾಗುತ್ತೆ. ಕಲ್ಲಿಗೆ ತಾಗಿದ ಹಾಗೆ ಟಕ್ ಅಂತ ನಿಂತರೆ ಅದು ಪೈಪಿನ ತಿರುವು. ಸ್ವಲ್ಪ ಹಿಂದೆ ಎಳೆದು, ತಿರುಗಿಸ್ತಾ ಮತ್ತೆ ಬಿಟ್ಟರೆ ದಾಟುತ್ತೆ. ಹಿಟ್ಟಿನ ಮುದ್ದೆಗೆ ಚುಚ್ಚಿದ ಹಾಗೆ ಮೆತ್ತಗೆ ತಡೆದರೆ ಅದೇ ಕಸ. ಅಲ್ಲಿ ಜೋರು ಮಾಡಬೇಡಿ. ಎರಡು ಮೂರು ನಿಧಾನದ ಸುತ್ತು ಹಾಕಿ, ಮೂತಿ ಕಸಕ್ಕೆ ಕಚ್ಚಿಕೊಳ್ಳಲಿ. ಆಮೇಲೆ ಅದೇ ದಿಕ್ಕಿಗೆ ಮೆಲ್ಲಗೆ ತಿರುಗಿಸ್ತಾನೇ ಹೊರಗೆ ಎಳೀರಿ. ಉಲ್ಟಾ ತಿರುಗಿಸಿದರೆ ಹಿಡಿದ ಕಸ ಬಿಟ್ಟುಹೋಗುತ್ತೆ, ಸುರುಳಿಯೂ ಸಡಿಲವಾಗಿ ಕೇಬಲ್ ಹಾಳಾಗುತ್ತೆ. ಮೂತಿ ಪೂರ್ತಿ ಸಿಕ್ಕಿಕೊಂಡಾಗ ಬಿಡಿಸೋಕೆ ಮಾತ್ರ ಒಂದೆರಡು ಉಲ್ಟಾ ಸುತ್ತು.

ಹೊರಗೆ ಬರುವಾಗ ಹಳೇ ಬಟ್ಟೆಯಿಂದ ಒರೆಸಿಕೊಳ್ತಾ ನೇರ ಬಕೆಟ್ಟಿಗೆ ಇಳಿಸಿ. ಕೊನೆಯ ಒಂದು ಅಡಿ ಬಹಳ ನಿಧಾನ, ಸಿಡಿಯೋದು ಅಲ್ಲೇ.

ಜಿಡ್ಡು ಕಟ್ಟಿದ ಸಿಂಕಿನಲ್ಲಿ ಕೇಬಲ್ ಬರೀ ಒಂದು ತೂತು ಮಾಡುತ್ತೆ, ಗೋಡೆಗೆ ಅಂಟಿದ ಜಿಡ್ಡು ಹಾಗೇ ಇರುತ್ತೆ. ಅದಕ್ಕೆ ಪಾತ್ರೆ ತೊಳೆಯೋ ಲಿಕ್ವಿಡ್ ಮತ್ತು ಬಿಸಿನೀರು ಬಿಡಿ. ಬಿಸಿ ಅಂದರೆ ಕುದಿಯೋದಲ್ಲ. ಮನೆಯ ಪಿವಿಸಿ ಪೈಪ್ ಸುಮಾರು 60 ಡಿಗ್ರಿಯ ಆಚೆ ಮೆತ್ತಗಾಗೋಕೆ ಶುರುವಾಗುತ್ತೆ. ಅನ್ನ ಬಸಿದ ಕುದಿಯೋ ಗಂಜಿಯನ್ನ ನೇರ ಸಿಂಕಿಗೆ ಸುರಿಯೋ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಬಿಸಿಗೆ ಪೈಪ್ ಬಗ್ಗುತ್ತೆ, ಗಂಜಿ ಆರಿ ಅಂಟಾಗುತ್ತೆ.

ಡ್ರಿಲ್ಲಿಗೆ ಸಿಕ್ಕಿಸಬಹುದಾ?

ಇದರ ಇತಿಹಾಸ ಸ್ವಾರಸ್ಯವಾಗಿದೆ. 1933ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಸ್ಯಾಮ್ಯುಯೆಲ್ ಬ್ಲಾಂಕ್ ಅನ್ನೋರು ವಾಷಿಂಗ್ ಮೆಷಿನ್ನಿನ ಮೋಟರ್, ರೋಲರ್ ಸ್ಕೇಟಿನ ಚಕ್ರ, ಉಕ್ಕಿನ ಕೇಬಲ್ ಸೇರಿಸಿ ಮೋಟರ್ ಇರೋ ಯಂತ್ರ ಮಾಡಿದ್ರು. ರೋಟೋ ರೂಟರ್ ಅನ್ನೋ ಹೆಸರು ಅಲ್ಲಿಂದ ಬಂದಿದ್ದು. ವೃತ್ತಿಯವರಿಗೆ ಅದು ವರ. ನಮಗೆ ಬೇಡ ಅಂತ ನಾನು ಹೇಳೋದಕ್ಕೆ ಒಂದೇ ಕಾರಣ: ಕೈಯಲ್ಲಿ ತಿರುಗಿಸುವಾಗ ಕೈಯೇ ಫ್ಯೂಸ್. ಭಾರ ಗೊತ್ತಾಗಿ ತಾನೇ ನಿಲ್ಲುತ್ತೆ. ಮೋಟರಿಗೆ ಆ ಅರಿವಿಲ್ಲ. ಮೂತಿ ನಿಂತ ಒಂದೇ ಸೆಕೆಂಡಿನಲ್ಲಿ ಅದು ಹತ್ತಾರು ಸುತ್ತು ತುಂಬಿಬಿಡುತ್ತೆ.

ಕೈಯಲ್ಲಿ ತಿರುಗಿಸೋ ಕೇಬಲ್ಲಿಗೆ ರಬ್ಬರ್ ಗ್ಲೌಸ್ ಸರಿ. ಆದರೆ ಮೋಟರಿನಲ್ಲಿ ತಿರುಗೋ ಕೇಬಲ್ಲನ್ನ ರಬ್ಬರ್ ಅಥವಾ ಬಟ್ಟೆಯ ಗ್ಲೌಸಿನಲ್ಲಿ ಹಿಡಿದರೆ ಗ್ಲೌಸ್ ಸುತ್ತಿಕೊಂಡು ಕೈಯನ್ನೂ ಎಳೆದುಕೊಳ್ಳುತ್ತೆ. ಜೊತೆಗೆ ಒದ್ದೆ ನೆಲದ ಮೇಲೆ ವೈರ್ ಇರೋ ಡ್ರಿಲ್ ಹಿಡಿದು ನಿಲ್ಲೋದು ಇನ್ನೊಂದು ಅಪಾಯ.

ಮೂರನೇ ನಿಲುಗಡೆ: ಮನೆಯ ಗಡಿ

ಕೇಬಲ್ 3 ಮೀಟರ್ ಟೇಪ್ ದಾಟಿ ಸಲೀಸಾಗಿ ಹೋಗ್ತಾನೇ ಇದೆ, ನೀರು ಮಾತ್ರ ಇಳೀತಿಲ್ಲ. ಅಂದರೆ ಮೂತಿ ಬಹುಶಃ ಕಟ್ಟಡದ ಉದ್ದ ಪೈಪಿಗೆ ಸೇರಿಬಿಟ್ಟಿದೆ. ಅಗಲ ಪೈಪಿನಲ್ಲಿ ಸಣ್ಣ ಕೇಬಲ್ ಮಡಚಿ ಗಂಟಾಗುತ್ತೆ, ವಾಪಸ್ ಬರಲ್ಲ. ಮೂರು ಸಲ ಪ್ರಯತ್ನಿಸಿ ಆಗದಿದ್ದರೂ ನಿಲ್ಲಿಸಿ.

ಇಲ್ಲಿಂದ ಮುಂದಿನದು ಚೇಂಬರ್, ಸೆಪ್ಟಿಕ್ ಟ್ಯಾಂಕ್. ಸೊಸೈಟಿ ಗ್ರೂಪಿನಲ್ಲಿ ಆಗ ಒಂದು ಮಾತು ಬಂದೇ ಬರುತ್ತೆ: "ಯಾರಾದರೂ ಹುಡುಗನ್ನ ಕರೆಸಿ ಒಳಗೆ ಇಳಿಸಿದರೆ ಐದು ನಿಮಿಷದ ಕೆಲಸ." ಈ ಮಾತನ್ನ ಅಲ್ಲೇ ತಡೀಬೇಕು.

ಚರಂಡಿಯಲ್ಲಿ ಕೊಳೆತು ಹುಟ್ಟೋ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂತಿರುತ್ತೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಸುಮಾರು 100 ಪಿಪಿಎಂ ಮುಟ್ಟಿದರೆ ಮೂಗು ಸೋತುಹೋಗಿ ವಾಸನೆಯೇ ಗೊತ್ತಾಗಲ್ಲ. ಜೀವಕ್ಕೆ ತಕ್ಷಣದ ಅಪಾಯ ಅಂತ ಗುರುತಿಸಿರೋ ಮಟ್ಟವೂ ಅದೇ 100 ಪಿಪಿಎಂ. ವಾಸನೆ ಹೋಯ್ತು ಅಂತ ಇಳಿದವರು ಏಳಲ್ಲ, ಎತ್ತೋಕೆ ಹೋದ ಇನ್ನೊಬ್ಬರೂ ಏಳಲ್ಲ.

ಕಾನೂನೂ ಸ್ಪಷ್ಟವಾಗಿದೆ. 2013ರ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಚರಂಡಿ, ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿ ಕೆಲಸಕ್ಕೆ ಯಾರನ್ನೂ ನೇರವಾಗಿ ಆಗಲಿ, ಬೇರೆಯವರ ಮೂಲಕ ಆಗಲಿ ತೊಡಗಿಸುವ ಹಾಗಿಲ್ಲ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಚರಂಡಿ ಸಾವಿನ ಪರಿಹಾರವನ್ನ 30 ಲಕ್ಷಕ್ಕೆ ಏರಿಸಿದೆ. ಈ ವಿಷಯವನ್ನ ದೇಶದ ಮುಂದೆ ಇಟ್ಟವರಲ್ಲಿ ಮೊದಲ ಸಾಲಿನ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಕೆಜಿಎಫ್‌ನವರು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹಾಗಾಗಿ ಚೇಂಬರ್ ಕಟ್ಟಿದರೆ ಕರೆಸಬೇಕಾದದ್ದು ಹುಡುಗನನ್ನಲ್ಲ, ಜೆಟ್ಟಿಂಗ್ ಅಥವಾ ಸಕ್ಷನ್ ಗಾಡಿಯನ್ನ. ಪಾಲಿಕೆಯ ಗಾಡಿ ಇರುತ್ತೆ, ಖಾಸಗಿಯವರದೂ ಇರುತ್ತೆ. ಅದು ಬರೋಕೆ ಒಂದು ದಿನ ತಡ ಆಗಬಹುದು. ನಮ್ಮ ಬಿಲ್ಡಿಂಗಿನಲ್ಲೂ ಒಮ್ಮೆ ಆ ಒಂದು ದಿನ ಎಲ್ಲರೂ ಬಕೆಟ್ಟಿನಲ್ಲಿ ನೀರು ಹೊತ್ತು ಕಳೆದ್ವಿ. ಗೊಣಗಿದವರು ಇದ್ರು, ಆದರೆ ಒಳಗೆ ಯಾರೂ ಇಳೀಲಿಲ್ಲ.

ಕೆಲಸ ಮುಗಿದ ಮೇಲೆ

ಎರಡು ಬಕೆಟ್ ನೀರು ಬಿಟ್ಟು, ಜಾಯಿಂಟಿನಲ್ಲಿ ಸೋರುತ್ತಾ ಅಂತ ಒಣ ಟಿಶ್ಯೂ ಒತ್ತಿ ನೋಡಿ. ಟ್ರ್ಯಾಪಿನಲ್ಲಿ ನೀರು ಮತ್ತೆ ನಿಂತಿರುತ್ತೆ, ವಾಸನೆ ನಿಲ್ಲುತ್ತೆ. ತೆಗೆದ ಕಸ ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ, ಕಮೋಡಿಗಲ್ಲ. ಕೇಬಲ್ ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸ್ವಲ್ಪ ಎಣ್ಣೆ ಸವರಿ ಒಳಗಿಡಿ. ಒದ್ದೆ ಇಟ್ಟರೆ ತುಕ್ಕು ಹಿಡಿದು ಮುಂದಿನ ಸಲ ಪೈಪಿನೊಳಗೇ ಮುರಿಯುತ್ತೆ. ಕೊನೆಗೆ ಗ್ಲೌಸ್ ತೆಗೆದು ಕೈ ಸಾಬೂನಿನಲ್ಲಿ ತೊಳೀರಿ.

ನಿಮ್ಮ ಮನೆಯಲ್ಲಿ ಕಟ್ಟಿದ್ದರೆ ಕಾಮೆಂಟಿನಲ್ಲಿ ಮೂರು ವಿಷಯ ಬರೀರಿ: ಎಷ್ಟನೇ ಮಹಡಿ, ಎಷ್ಟು ಕಡೆ ನೀರು ನಿಂತಿದೆ, ಒಳಗೆ ಏನಾದರೂ ಸುರಿದಿದೀರಾ. ಮೂರನೆಯದಕ್ಕೆ ಉತ್ತರ ಹೌದು ಅಂತಿದ್ದರೆ, ನನ್ನ ಉತ್ತರಕ್ಕೆ ಕಾಯದೆ ಪ್ಲಂಬರಿಗೆ ಫೋನ್ ಮಾಡಿ, ಡಬ್ಬಿ ಎಸೀಬೇಡಿ. ಮುಂದಿನ ವಾರ ಸಿಗೋಣ.